ನ್ಯಾಯಾಚಾರ್ಯ ಜಾರ್ಜ್ ವಿಥ್

ಅಮೆರಿಕ ಸಂಯುಕ್ತ ಸಂಸ್ಥಾನಗಳ ಸ್ವಾತಂತ್ರ್ಯ ಘೋಷಣಪತ್ರದ ಅಡಿಯಲ್ಲಿ ೫೬ ಮಂದಿಯ ಹಸ್ತಾಕ್ಷರಗಳಿವೆ. ಅವುಗಳಲ್ಲಿ ವರ್ಜೀನಿಯ ಸಂಸ್ಥಾನದ ಪ್ರತಿನಿಧಿಗಳವು ಏಳು. ಆ ಘೋಷಣಪತ್ರವನ್ನು ರಚಿಸಿದ ತಾಮಸ್ ಜೆಫರ್ಸನ್ನನ ಹೆಸರು ಆ ಏಳರಲ್ಲಿ ಮೂರನೆಯದು. ಎಲ್ಲಕ್ಕಿಂತ ಮೇಲೆ ಕಾಣುವುದು ಜಾರ್ಜ್ ವಿಥ್ ಎಂಬಾತನ ಹೆಸರು. ಉಳಿದವರು ಸಹಿ ಮಾಡಿದ ಕಾಲದಲ್ಲಿ ಈತನು ಸಭೆಯಲ್ಲಿರಲಿಲ್ಲ. ಸ್ವದೇಶಕಾರ್ಯದ ನಿಮಿತ್ತ ವರ್ಜೀನಿಯಕ್ಕೆ ಹೋಗಿದ್ದವನು ಹಿಂದಿರುಗಿ ಬಂದ ಮೇಲೆ ಸಹಿ ಮಾಡಿದನು. ಜೊತೆಯವರು ತಮ್ಮ ಹೆಸರುಗಳ ಮೇಲುಗಡೆ ಆತನಿಗಾಗಿ ಸ್ಥಳವನ್ನು ಬಿಟ್ಟಿದ್ದರೆಂದು ಹೇಳುವರು. ಜೆಫರ್ಸನ್ನನು ಆತನ ಶಿಷ್ಯನೆಂಬುದನ್ನು ತಿಳಿದವರಿಗೆ ಈ ಮರ್ಯಾದೆಯು ಆಶ್ಚರ್ಯವಾಗಿ ತೋರಲಾರದು.

ಶಿಷ್ಯರ ಕೀರ್ತಿಯ ಬೆಳಕಿನಲ್ಲಿ ಗುರುವಿನ ಹೆಸರು ಮಂಕಾಗುವುದು ಲೋಕದಲ್ಲಿ ಹೊಸದಲ್ಲ. ಅಮೆರಿಕದ ಮೂರನೆಯ ಅಧ್ಯಕ್ಷನಾದ ಜೆಫರ್ಸನ್ನನು ವಿಥನ ಬಳಿಯಲ್ಲಿ ನ್ಯಾಯಶಾಸ್ತ್ರವನ್ನು ಓದಿದನು. ೩೪ ವರ್ಷಗಳ ಕಾಲ ಅಲ್ಲಿಯ ಶ್ರೇಷ್ಠ ನ್ಯಾಯಾಲಯದ ಮುಖ್ಯ ನ್ಯಾಯಾಧಿಪತಿಯಾಗಿದ್ದ ಜಾನ್ ಮಾರ್ಷಲನು ಆತನ ಉಪನ್ಯಾಸಗಳನ್ನು ಕೇಳಿದನು. ವಾಗ್ಮಿಯೆಂದು ಹೆಸರಾದ ಹೆನ್ರಿ ಕ್ಲೇ ಆತನ ಲೇಖಕನಾಗಿ ಕುಳಿತು ವಿದ್ಯೆಯನ್ನು ಸಂಪಾದಿಸಿದನು. ಈ ಮೂವರ ಚರಿತ್ರೆಗಳು ದೊಡ್ಡ ದೊಡ್ಡ ಸಂಪುಟಗಳಾಗಿ ಬಂದಿವೆ. ಗುರುವಿನ ಚರಿತ್ರೆಯನ್ನು ಬಲ್ಲವರು ವಿರಳ. ಆದರೂ ಅದನ್ನು ತಿಳಿಯಬೇಕಾದುದಕ್ಕೆ ಶಿಷ್ಯರ ಹಿರಿಮೆಯೊಂದೇ ಕಾರಣವಲ್ಲ. ಅರುವತ್ತು ವರ್ಷಗಳ ಕಾಲ ನ್ಯಾಯವನ್ನೇ ಉಪಾಸಿಸಿದ ಈ ಪುರುಷನು ವಿಷದಿಂದ ಸತ್ತನೆಂದು ಅವನ ನಾಡೆಲ್ಲವೂ ನಂಬಿತು. ಆರೋಪಿಯ ವಿಚಾರಣೆ ನಡೆದಾಗ ಮುಖ್ಯ ಸಾಕ್ಷಿಯ ಬಾಯನ್ನು ಕಾಯಿದೆಯ ಒಂದು ವಾಕ್ಯವು ಕಟ್ಟಿಹಾಕಿತು. ಆ ಕಾಯಿದೆಗಳನ್ನು ಪರಿಷ್ಕರಿಸಿದ ಸಮಿತಿಯಲ್ಲಿ ಸ್ವತಃ ವಿಥನೂ ಒಬ್ಬನಾಗಿದ್ದನು.

ವಿಥನು ೧೭೨೬ರಲ್ಲಿ ವರ್ಜೀನಿಯದ ಸಮುದ್ರತೀರಕ್ಕೆ ಸಮೀಪವಾದ ಚೆಸ್ಟರ್‌ವಿಲ್ ಎಂಬ ಹೊಲಮನೆಯಲ್ಲಿ ಜನಿಸಿದನು. ಆಗ ವರ್ಜೀನಿಯವು ಇಂಗ್ಲೆಂಡಿನ ಅಧೀನದಲ್ಲಿದ್ದ ವಸಾಹತು. ಅಲ್ಲಿಯ ಐಶ್ವರ್ಯಕ್ಕೆ ಮೂಲವು ಹೊಗೆಸೊಪ್ಪಿನ ಬೇಸಾಯ. ಆ ಬೇಸಾಯಕ್ಕೆ ಆಧಾರವು ಆಫ್ರಿಕದಿಂದ ತಂದ ಗುಲಾಮರ ದುಡಿಮೆ. ಹುಡುಗನ ಎಳೆವಯಸ್ಸಿನಲ್ಲಿಯೇ ತಂದೆ ತೀರಿಹೋದನು. ಜ್ಯೇಷ್ಠಪುತ್ರನೇ ಸ್ವತ್ತಿಗೆ ಹಕ್ಕುದಾರನೆಂಬ ಆಂಗ್ಲನ್ಯಾಯದಂತೆ ಭೂಮಿಯು ಅಣ್ಣನ ಪಾಲಿಗೆ ಹೋಯಿತು. ತಮ್ಮನಿಗೆ ದೊರೆತುದು ತಾಯಿಯ ವಿದ್ಯೆ. ಆ ಕಾಲದ ಹೆಂಗಸರಲ್ಲಿ ಅಪರೂಪವಾದ ಪಾಂಡಿತ್ಯವು ಆಕೆಗಿದ್ದಿತು. ಮಗನಿಗೆ ಲ್ಯಾಟಿನ್ ಗ್ರೀಕ್ ಭಾಷೆಗಳ ಮೊದಲ ಪಾಠಗಳನ್ನು ಆಕೆಯೇ ಹೇಳಿದಳೆಂದು ಪ್ರತೀತಿ. ಮುಂದೆ ವರ್ಜೀನಿಯದಲ್ಲೆಲ್ಲ ಗ್ರೀಕ್ ಭಾಷೆಯನ್ನು ಆತನಷ್ಟು ಬಲ್ಲವರಿಲ್ಲವೆಂದು ಜನರು ಹೇಳಿದ ಆ ವಿದ್ಯೆಯ ಬೀಜವು ತಾಯಿಯ ಮಡಿಲಿನಲ್ಲಿ ಬಿದ್ದುದು.

ನ್ಯಾಯಶಾಸ್ತ್ರವನ್ನು ಕಲಿಸುವ ಪಾಠಶಾಲೆಯು ಆಗ ಅಮೆರಿಕದಲ್ಲಿ ಒಂದೂ ಇರಲಿಲ್ಲ. ವಕೀಲನಾಗಬೇಕೆಂಬುವನು ಯಾವನಾದರೊಬ್ಬ ಹಿರಿಯ ವಕೀಲನ ಕಚೇರಿಯನ್ನು ಸೇರಿ, ಕಾಗದಪತ್ರಗಳನ್ನು ನಕಲು ಮಾಡುತ್ತ, ಬಿಡುವು ದೊರೆತಾಗ ಗ್ರಂಥಗಳನ್ನು ತಿರುವಿಹಾಕುತ್ತ ತಾನೇ ಕಲಿಯಬೇಕಾಗಿದ್ದಿತು. ವಿಥನು ಸ್ಟೀಫನ್ ಡ್ಯೂಯಿ ಎಂಬ ಬಂಧುವಿನ ಕಚೇರಿಯಲ್ಲಿ ಹೀಗೆಯೇ ದುಡಿದನು. ಅಲ್ಲಿ ಕೆಲಸ ಬಹಳ, ಪಾಠ ಅತ್ಯಲ್ಪ. ೧೭೪೬ರಲ್ಲಿ ವಕೀಲಿಗೆ ಸನ್ನದು ದೊರೆಯಿತು. ಮರುವರ್ಷ ವಿವಾಹವಾಯಿತು, ವರ್ಷವು ತುಂಬುವುದರೊಳಗೆ ಪತ್ನಿಯು ತೀರಿಕೊಂಡಳು. ತರುಣನು ಆ ದುಃಖವನ್ನು ಹೊತ್ತು ವರ್ಜೀನಿಯದ ಅಂದಿನ ರಾಜಧಾನಿಯಾದ ವಿಲಿಯಮ್ಸ್‌ಬರ್ಗ್ ಪಟ್ಟಣಕ್ಕೆ ಬಂದು ನೆಲಸಿದನು. ಕಕ್ಷಿಗಾರನ ಮಾತು ಸುಳ್ಳೆಂದು ತಿಳಿದುಬಂದರೆ ವಿಥನು ಆ ಮೊಕದ್ದಮೆಯನ್ನು ಕೈಬಿಡುವನೆಂಬ ಖ್ಯಾತಿಯು ಬೇಗನೆ ಹರಡಿತು.

೧೭೫೪ರಲ್ಲಿ ವಸಾಹತಿನ ಅಟಾರ್ನಿ ಜನರಲ್ ಆಗಿದ್ದ ಪೇಟನ್ ರ‍್ಯಾಂಡಾಲ್ಫನು ಇಂಗ್ಲೆಂಡಿಗೆ ಹೋಗಬೇಕಾದಾಗ ಆ ಪದವಿಯು ವಿಥನಿಗೆ ಬಂದಿತು. ರ‍್ಯಾಂಡಾಲ್ಫನು ಹಿಂದಿರುಗಿದೊಡನೆ ಆತನು ಅದನ್ನು ಮರಳಿ ಒಪ್ಪಿಸಿದನು. ಅದೇ ಸುಮಾರಿಗೆ ಬರ್ಜೆಸ್ ಸಭೆಯೆಂಬ ಶಾಸನಸಭೆಗೆ ಸದಸ್ಯನಾದನು. ಅಣ್ಣನು ಮಕ್ಕಳಿಲ್ಲದೆ ತೀರಿಹೋಗಲು ಚೆಸ್ಟರ್‌ವಿಲ್ ಸ್ವತ್ತು ಕೈಸೇರಿತು. ಅದರೊಡನೆ ಅಲ್ಲಿಯ ಗುಲಾಮರೂ ಬಂದರು. ಎಲಿಜಬೆತ್ ಟಾಲಿಯಫರೊ ಎಂಬಾಕೆಯನ್ನು ಎರಡನೆಯದಾಗಿ ವಿವಾಹವಾದನು. ಈ ದಂಪತಿಗಳಿಗೆ ಹುಟ್ಟಿದ ಒಂದೇ ಶಿಶುವು ಬದುಕಲಿಲ್ಲ. ಸ್ವಂತ ಮಕ್ಕಳಿಲ್ಲದ ಆ ಮನೆಯು ಅನ್ಯರ ಮಕ್ಕಳಿಗೆ ಗುರುಕುಲವಾಯಿತು.

ಮೊದಲಾಗಿ ಬಂದ ದೊಡ್ಡ ಶಿಷ್ಯನು ಜೆಫರ್ಸನ್. ೧೭೬೨ರಲ್ಲಿ ಆತನಿಗೆ ೧೯ ವರ್ಷ. ವಿಲಿಯಮ್ ಅಂಡ್ ಮೇರಿ ಕಾಲೇಜಿನಲ್ಲಿ ಗಣಿತವನ್ನೂ ಪ್ರಕೃತಿಶಾಸ್ತ್ರವನ್ನೂ ಬೋಧಿಸುತ್ತಿದ್ದ ವಿಲಿಯಮ್ ಸ್ಮಾಲ್ ಎಂಬ ಸ್ಕಾಟ್ಲೆಂಡಿನ ಪಂಡಿತನು ಹುಡುಗನನ್ನು ಕರೆತಂದು ವಿಥನಿಗೆ ಒಪ್ಪಿಸಿದನು. ಸ್ಮಾಲ್, ವಿಥ್ ಮತ್ತು ವಸಾಹತನ್ನು ಆಳುತ್ತಿದ್ದ ಫ್ರಾನ್ಸಿಸ್ ಫಾಕಿಯರ್ ಈ ಮೂವರೂ ಒಂದೆಡೆ ಊಟಕ್ಕೆ ಕುಳಿತಾಗ ನಾಲ್ಕನೆಯವನಾಗಿ ಜೆಫರ್ಸನ್ನನಿಗೂ ಕರೆ ಬರುತ್ತಿದ್ದಿತು. ಸಂಗೀತ, ತತ್ತ್ವವಿಚಾರ, ರಾಜಕಾರಣಗಳು ಆ ಪಂಕ್ತಿಯಲ್ಲಿ ಕಲೆತು ನಡೆಯುತ್ತಿದ್ದವು. ತನ್ನ ಜೀವನದಲ್ಲಿ ಅದಕ್ಕಿಂತ ಹೆಚ್ಚಿನ ವಿವೇಕದ ಮಾತುಗಳನ್ನು ಬೇರೆಲ್ಲಿಯೂ ಕೇಳಲಿಲ್ಲವೆಂದು ಶಿಷ್ಯನು ಮುದಿವಯಸ್ಸಿನಲ್ಲಿ ನೆನೆದುಕೊಂಡಿದ್ದಾನೆ. ಸಾಧಾರಣವಾಗಿ ಎರಡು ವರ್ಷಗಳಲ್ಲಿ ಮುಗಿಯುತ್ತಿದ್ದ ಅಭ್ಯಾಸವನ್ನು ಜೆಫರ್ಸನ್ನನು ವಿಥನ ಕೈಕೆಳಗೆ ಐದು ವರ್ಷ ನಡೆಯಿಸಿ, ೧೭೬೭ರಲ್ಲಿ ವಕೀಲನಾದನು. ಕಾಯಿದೆಯ ಹಿಂದೆ ಚರಿತ್ರೆಯುಂಟು, ಚರಿತ್ರೆಯ ಹಿಂದೆ ಮನುಷ್ಯಸ್ವಭಾವವುಂಟು, ಇವೆರಡನ್ನೂ ಅರಿಯದವನು ಕಾಯಿದೆಯನ್ನು ಅರಿತವನಲ್ಲವೆಂಬುದು ಆ ಗುರುವಿನ ಪಾಠಕ್ರಮದ ತಿರುಳು.

ಈ ಮಧ್ಯೆ ಇಂಗ್ಲೆಂಡಿನ ಪಾರ್ಲಿಮೆಂಟು ವಸಾಹತುಗಳ ಮೇಲೆ ಸ್ಟಾಂಪು ತೆರಿಗೆಯನ್ನು ಹೊರಿಸಲು ಹವಣಿಸಿತು. ೧೭೬೪ರಲ್ಲಿ ಬರ್ಜೆಸ್ ಸಭೆಯು ಕಳುಹಿಸಿದ ಪ್ರತಿಭಟನಪತ್ರದ ಕರಡನ್ನು ವಿಥನು ಬರೆದನು. ಅದರ ಮಾತುಗಳು ಅತಿ ತೀಕ್ಷ್ಣವಾದುವೆಂದು ಹೆದರಿ ಸಹಸದಸ್ಯರು ಅವನ್ನು ಮೃದುಗೊಳಿಸಿದರು. ಆದರೆ ಮರುವರ್ಷ ಪ್ಯಾಟ್ರಿಕ್ ಹೆನ್ರಿಯು ಸಭೆಯಲ್ಲಿ ಗುಡುಗಿ ಉಗ್ರ ನಿರ್ಣಯಗಳನ್ನು ಮಂಡಿಸಿದಾಗ ವಿಥನು ಅವಕ್ಕೆ ಒಪ್ಪಲಿಲ್ಲ. ಕಳುಹಿಸಿದ ಅರ್ಜಿಗೆ ಉತ್ತರ ಬರುವ ಮೊದಲೇ ಇನ್ನೊಂದು ಹೆಜ್ಜೆಯನ್ನಿಡುವುದು ವಿಧಿಯಲ್ಲವೆಂದು ಆತನ ಮತ. ಈ ನಡತೆಯಲ್ಲಿ ಅಳುಕನ್ನು ಕಂಡವರುಂಟು. ಆದರೆ ಹತ್ತು ವರ್ಷಗಳ ಮೇಲೆ, ವಸಾಹತುಗಳಿಗೂ ಇಂಗ್ಲೆಂಡಿಗೂ ಇರುವ ನಂಟು ಒಬ್ಬನೇ ರಾಜನೆಂಬುದಷ್ಟೇ, ಪಾರ್ಲಿಮೆಂಟಿಗೆ ಇಲ್ಲಿ ಯಾವ ಅಧಿಕಾರವೂ ಇಲ್ಲವೆಂದು ಜೆಫರ್ಸನ್ನನು ವಾದಿಸಿದಾಗ, ಅದನ್ನು ಪೂರ್ತಿಯಾಗಿ ಒಪ್ಪಿದ ಹಿರಿಯನು ವಿಥನೊಬ್ಬನೇ ಎಂದು ಶಿಷ್ಯನು ಬರೆದಿದ್ದಾನೆ. ನಿಧಾನವಾಗಿ ನಡೆದರೂ ಗಮ್ಯಸ್ಥಾನದ ವಿಷಯದಲ್ಲಿ ಆತನಿಗೆ ಸಂಶಯವಿರಲಿಲ್ಲ.

೧೭೭೫ರಲ್ಲಿ ವಿಥನು ಫಿಲಡೆಲ್ಫಿಯದಲ್ಲಿ ಸೇರಿದ ಮಹಾಸಭೆಗೆ ಪ್ರತಿನಿಧಿಯಾಗಿ ಹೋದನು. ೧೭೭೬ರ ಘೋಷಣೆಯಾದ ಬಳಿಕ ವರ್ಜೀನಿಯದ ಕಾಯಿದೆಗಳನ್ನೆಲ್ಲ ಸ್ವತಂತ್ರ ಪ್ರಜಾರಾಜ್ಯಕ್ಕೆ ತಕ್ಕಂತೆ ತಿದ್ದುವ ಭಾರವನ್ನು ಐದು ಮಂದಿಯ ಸಮಿತಿಗೆ ವಹಿಸಲಾಯಿತು. ಒಬ್ಬನು ಬಿಟ್ಟುಹೋದನು, ಒಬ್ಬನು ತೀರಿಹೋದನು. ಕೆಲಸವು ಉಳಿದ ಮೂವರ ಮೇಲೆ, ಎಂದರೆ ಜೆಫರ್ಸನ್, ವಿಥ್, ಎಡ್ಮಂಡ್ ಪೆಂಡಲ್ಟನ್ ಇವರ ಮೇಲೆ ಬಿದ್ದಿತು. ಇಂಗ್ಲೆಂಡಿನ ಶಾಸನಗಳಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕೆಂದು ಶೋಧಿಸುವ ಪಾಲು ವಿಥನದು. ಮೂರು ವರ್ಷ ದುಡಿದು ೧೭೭೯ರಲ್ಲಿ ಅವರು ೧೨೬ ಮಸೂದೆಗಳನ್ನು ಒಪ್ಪಿಸಿದರು. ಮತಸ್ವಾತಂತ್ರ್ಯದ ಮಸೂದೆಯು ಅವುಗಳಲ್ಲಿ ಒಂದು. ಜ್ಯೇಷ್ಠಪುತ್ರನಿಗೇ ಸ್ವತ್ತೆಲ್ಲವೂ ಎಂಬ ನ್ಯಾಯವನ್ನು ಕಿತ್ತುಹಾಕುವ ಮಸೂದೆಯು ಇನ್ನೊಂದು. ಕಿರಿಯ ಮಗನಾಗಿ ಹುಟ್ಟಿ ಬರಿಗೈಯಿಂದ ಮನೆಬಿಟ್ಟವನು ಆ ನ್ಯಾಯದ ಅಂತ್ಯವನ್ನು ತನ್ನ ಕಣ್ಣಿನಿಂದಲೇ ಕಂಡನು.

ಗುಲಾಮರನ್ನು ಕುರಿತ ಮಸೂದೆಯೊಂದೂ ಆ ಕಟ್ಟಿನಲ್ಲಿದ್ದಿತು. ಅದರಲ್ಲಿ ಹಳೆಯ ವಸಾಹತಿನ ಕಾಲದ ನಿಯಮವೊಂದು ಹಾಗೆಯೇ ಉಳಿದುಬಂದಿತು. ಕಪ್ಪು ಜನರ ಮೇಲಿನ ಮೊಕದ್ದಮೆಗಳಲ್ಲಿ ಅಥವಾ ಕಪ್ಪು ಜನರೇ ಉಭಯ ಕಕ್ಷಿಗಳಾದ ವ್ಯಾಜ್ಯಗಳಲ್ಲಿ ಹೊರತು, ಕಪ್ಪು ವರ್ಣದವರಾಗಲಿ ಮಿಶ್ರ ವರ್ಣದವರಾಗಲಿ ಸಾಕ್ಷಿ ಹೇಳಕೂಡದೆಂಬುದು ಅದರ ತಾತ್ಪರ್ಯ. ಗುಲಾಮನೆಂದಾಗಲಿ ಸ್ವತಂತ್ರನೆಂದಾಗಲಿ ಭೇದವಿಲ್ಲ. ೧೭೮೫ರಲ್ಲಿ ಶಾಸನಸಭೆಯು ಅದನ್ನು ಅಂಗೀಕರಿಸಿತು. ಜ್ಯೇಷ್ಠಾಧಿಕಾರವನ್ನು ಕಿತ್ತ ಕೈಗಳು ಇದನ್ನು ಮುಟ್ಟಲಿಲ್ಲ. ೧೨೬ ಮಸೂದೆಗಳ ಆ ರಾಶಿಯಲ್ಲಿ ಇದೊಂದು ವಾಕ್ಯವು ಆಗ ಯಾರ ಕಣ್ಣಿಗೂ ಚುಚ್ಚಿದಂತೆ ಕಾಣುವುದಿಲ್ಲ.

೧೭೭೯ರ ಡಿಸೆಂಬರಿನಲ್ಲಿ ವಿಲಿಯಮ್ ಅಂಡ್ ಮೇರಿ ಕಾಲೇಜಿನಲ್ಲಿ ನ್ಯಾಯಶಾಸ್ತ್ರದ ಪೀಠವು ಸ್ಥಾಪಿತವಾಯಿತು. ಅಮೆರಿಕದಲ್ಲಿ ಅಂತಹ ಪೀಠಗಳಲ್ಲಿ ಅದೇ ಮೊದಲನೆಯದು. ವಿಥನೇ ಮೊದಲನೆಯ ಆಚಾರ್ಯನು. ಡ್ಯೂಯಿಯ ಕಚೇರಿಯಲ್ಲಿ ತಾನು ಪಡೆಯಲಾರದುದನ್ನು ಮುಂದಿನವರಿಗೆ ಕೊಡಬೇಕೆಂಬ ಹಂಬಲವು ಆತನಲ್ಲಿ ಬಲವಾಗಿದ್ದಿರಬೇಕು. ರಾಜಧಾನಿಯು ೧೭೮೦ರಲ್ಲಿ ರಿಚ್ಮಂಡಿಗೆ ಹೋದುದರಿಂದ ವಿಲಿಯಮ್ಸ್‌ಬರ್ಗಿನ ಹಳೆಯ ಶಾಸನಭವನವು ಬರಿದಾಯಿತು. ವಿಥನು ಅದನ್ನು ಪಾಠಶಾಲೆಯಾಗಿ ಮಾಡಿಕೊಂಡನು. ಅಲ್ಲಿ ವಿದ್ಯಾರ್ಥಿಗಳು ವಾದಿ ಪ್ರತಿವಾದಿಗಳ ವಕೀಲರಾಗಿ ನಿಂತು ಕಲ್ಪಿತ ಮೊಕದ್ದಮೆಗಳನ್ನು ನಡೆಯಿಸುವರು; ಆಚಾರ್ಯನು ನ್ಯಾಯಾಧೀಶನಾಗಿ ಕುಳಿತು ತೀರ್ಪನ್ನು ಕೊಡುವನು. ಬೇರೆ ದಿನಗಳಲ್ಲಿ ಅವರೇ ಶಾಸನಸಭೆಯ ಸದಸ್ಯರಾಗಿ ಮಸೂದೆಗಳನ್ನು ಚರ್ಚಿಸುವರು, ಆಚಾರ್ಯನು ಸಭಾಪತಿ. ನಿಜವಾದ ಶಾಸನಸಭೆಯಲ್ಲಿ ಸಭಾಪತಿಯಾಗಿದ್ದವನಿಗೆ ಹುಡುಗರ ಸಭೆಯು ಕೀಳೆಂದು ತೋರಲಿಲ್ಲ.

ಜಾನ್ ಮಾರ್ಷಲನು ಸೈನ್ಯದ ಕೆಲಸದಿಂದ ಬಿಡುವು ಪಡೆದು ೧೭೮೦ರಲ್ಲಿ ಕೆಲವು ವಾರಗಳ ಕಾಲ ಮಾತ್ರ ಇಲ್ಲಿ ಕೇಳಿದನು. ಆತನ ಟಿಪ್ಪಣಿಯ ಪುಸ್ತಕವು ಉಳಿದುಬಂದಿದೆ. ನ್ಯಾಯಸೂತ್ರಗಳ ನಡುವೆ, ಆತನು ವರಿಸಬೇಕೆಂದಿದ್ದ ಪಾಲಿ ಎಂಬ ತರುಣಿಯ ಹೆಸರು ಅಲ್ಲಲ್ಲಿ ಗೀಚಿರುವುದು ಕಾಣುತ್ತದೆ. ಪಾಠ ಹೇಳಿದವರಿಗೆಲ್ಲ ಇಂತಹ ಪುಸ್ತಕಗಳ ಪರಿಚಯವುಂಟು! ಮನಸ್ಸು ಅರ್ಧವೇ ಅಲ್ಲಿದ್ದರೂ ಬಿತ್ತಿದುದು ವ್ಯರ್ಥವಾಗಲಿಲ್ಲ. ೧೭೮೨ರಲ್ಲಿ ಕೇಟನ್ ಎಂಬವನ ಮೊಕದ್ದಮೆಯು ವಿಥನೂ ಇದ್ದ ನ್ಯಾಯಪೀಠದ ಮುಂದೆ ಬಂದಿತು. ರಾಜದ್ರೋಹಕ್ಕಾಗಿ ಮರಣದಂಡನೆಗೆ ಗುರಿಯಾದ ಮೂವರಿಗೆ ಶಾಸನಮಂಡಲದ ಒಂದು ಸಭೆಯು ಮಾತ್ರ ಕ್ಷಮೆಯನ್ನು ನೀಡಿತ್ತು. ಅದು ಸಲ್ಲುವುದೇ ಎಂಬುದು ಪ್ರಶ್ನೆ. ಶಾಸನಮಂಡಲವೇ ಸಂವಿಧಾನದ ಎಲ್ಲೆಯನ್ನು ಮೀರಿದರೆ ತಾನು ನ್ಯಾಯಪೀಠದಲ್ಲಿ ಕುಳಿತು ಆ ಸಂವಿಧಾನವನ್ನು ಬೆರಳಿನಿಂದ ತೋರಿಸಿ, ನಿಮ್ಮ ಅಧಿಕಾರದ ಗಡಿ ಇದೇ, ಇದರಾಚೆಗೆ ಹೋಗಕೂಡದೆಂದು ಹೇಳುವೆನೆಂದು ವಿಥನು ಸಾರಿದನು. ೧೮೦೩ರಲ್ಲಿ ಮಾರ್ಬರಿಯ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಾಧಿಪತಿ ಮಾರ್ಷಲನು ಇದೇ ತತ್ತ್ವವನ್ನು ಇಡೀ ದೇಶಕ್ಕೆ ಅನ್ವಯಿಸಿದನು. ಶಾಸನವನ್ನು ಸಂವಿಧಾನದ ಒರೆಗಲ್ಲಿಗೆ ಹಚ್ಚಿ ನೋಡುವ ಅಧಿಕಾರವು ನ್ಯಾಯಾಲಯಕ್ಕಿರುವ ದೇಶಗಳೆಲ್ಲವೂ ಈ ವಿಚಾರಪರಂಪರೆಗೆ ಋಣಿಗಳು.

೧೭೮೭ರಲ್ಲಿ ಅಮೆರಿಕದ ಸಂವಿಧಾನವನ್ನು ರಚಿಸಲು ಫಿಲಡೆಲ್ಫಿಯದಲ್ಲಿ ಸೇರಿದ ಸಭೆಗೂ ವಿಥನು ಹೋದನು. ಕಲಾಪದ ನಿಯಮಗಳನ್ನು ಏರ್ಪಡಿಸಿದ ಸಮಿತಿಗೆ ಆತನೇ ಅಧ್ಯಕ್ಷನು. ಆದರೆ ಕೆಲವೇ ದಿನಗಳಲ್ಲಿ, ಪತ್ನಿಯು ಕಾಯಿಲೆಯಿಂದ ಮಲಗಿರುವಳೆಂಬ ಸುದ್ದಿ ಬರಲು, ಸಭೆಯನ್ನು ಬಿಟ್ಟು ಮನೆಗೆ ಧಾವಿಸಿದನು. ಆಗಸ್ಟಿನಲ್ಲಿ ಆಕೆಯು ಮೃತಳಾದಳು. ಹೀಗೆ ಸಂವಿಧಾನದ ಕೆಳಗೆ ಆತನ ಹೆಸರು ಕಾಣದು. ಮರುವರ್ಷ ವರ್ಜೀನಿಯವು ಅದನ್ನು ಒಪ್ಪಬೇಕೋ ಬಿಡಬೇಕೋ ಎಂದು ಚರ್ಚಿಸಿದಾಗ ಒಪ್ಪಿಗೆಯ ನಿರ್ಣಯವನ್ನು ಮಂಡಿಸಿದವನು ಆತನೇ. ೮೯ ಮತಗಳಿಗೆ ಎದುರಾಗಿ ೭೯. ಅಷ್ಟು ಕಿರಿದಾದ ಅಂತರದಿಂದ ಅದು ನೆರವೇರಿತು.

೧೭೭೮ರಿಂದಲೇ ಆತನು ವರ್ಜೀನಿಯದ ಚಾನ್ಸರಿ ನ್ಯಾಯಾಲಯದ ನ್ಯಾಯಾಧೀಶರಲ್ಲಿ ಒಬ್ಬನಾಗಿದ್ದನು. ಮುಂದೆ ಅನೇಕ ವರ್ಷ ಅದರ ಏಕಮಾತ್ರ ನ್ಯಾಯಾಧೀಶನಾದನು. ಕಾಯಿದೆಯ ಅಕ್ಷರದಿಂದ ಪರಿಹಾರ ದೊರೆಯದ ಕಡೆ ಧರ್ಮಬುದ್ಧಿಯಿಂದ ಪರಿಹಾರವನ್ನು ಕೊಡತಕ್ಕ ನ್ಯಾಯಾಲಯವದು. ಯುದ್ಧಕ್ಕೆ ಮೊದಲು ವರ್ಜೀನಿಯದ ಜಮೀನುದಾರರು ಇಂಗ್ಲೆಂಡಿನ ವರ್ತಕರಲ್ಲಿ ಬಹಳ ಸಾಲ ಮಾಡಿದ್ದರು. ಯುದ್ಧಕಾಲದಲ್ಲಿ, ಬೆಲೆಗೆಟ್ಟ ಕಾಗದದ ಹಣವನ್ನು ಸರ್ಕಾರದ ಕಚೇರಿಗೆ ಕಟ್ಟಿದರೆ ಸಾಲವು ತೀರಿದಂತೆಯೇ ಎಂಬ ಶಾಸನವಾಗಿತ್ತು. ೧೭೯೩ರಲ್ಲಿ ವಿಥನು, ಇಂತಹ ಪಾವತಿಯಿಂದ ಸಾಲಗಾರನು ಋಣಮುಕ್ತನಾಗಲಾರನೆಂದು ತೀರ್ಪಿತ್ತನು. ವ್ಯಕ್ತಿದ್ವೇಷದಂತೆ ಜನಾಂಗದ್ವೇಷವೂ ನ್ಯಾಯಾಧೀಶನನ್ನು ಸೋಂಕಕೂಡದೆಂಬುದು ಆತನು ಕೊಟ್ಟ ಕಾರಣ. ನೆರೆಹೊರೆಯವರೆಲ್ಲ ಸಾಲಗಾರರಾಗಿದ್ದ ನಾಡಿನಲ್ಲಿ ಹೀಗೆ ನುಡಿಯಲು ಧೈರ್ಯ ಬೇಕು. ಇದೇ ವಿವಾದವು ೧೭೯೬ರಲ್ಲಿ ಶ್ರೇಷ್ಠ ನ್ಯಾಯಾಲಯಕ್ಕೆ ಹೋದಾಗ ಸಾಲಗಾರರ ಪರವಾಗಿ ವಾದಿಸಿದವನು ಮಾರ್ಷಲ್. ಶಿಷ್ಯನು ಸೋತನು, ಗುರುವಿನ ಮತವೇ ನಿಂತಿತು.

ಈ ಕಾಲದಲ್ಲಿ ಆತನ ಬಲಗೈಯು ವಾತರೋಗದಿಂದ ಬರೆಯಲಾರದಂತಾಗಿತ್ತು. ನ್ಯಾಯಾಲಯದಲ್ಲಿ ಗುಮಾಸ್ತೆಯಾಗಿದ್ದ ೧೬ ವರ್ಷದ ಬಡಹುಡುಗ ಹೆನ್ರಿ ಕ್ಲೇಯನ್ನು ಲೇಖಕನಾಗಿ ಇರಿಸಿಕೊಂಡನು. ವಿಥನ ತೀರ್ಪುಗಳಲ್ಲಿ ಗ್ರೀಕ್ ವಾಕ್ಯಗಳು ಧಾರಾಳ. ಹುಡುಗನಿಗೆ ಗ್ರೀಕಿನ ಒಂದಕ್ಷರವೂ ಬಾರದು. ಚಿತ್ರವನ್ನು ನೋಡಿ ಚಿತ್ರವನ್ನು ಬರೆಯುವಂತೆ ಅಕ್ಷರಗಳನ್ನು ತಿದ್ದಿ ತಿದ್ದಿ ನಕಲು ಮಾಡಿದನೆಂದು ಕ್ಲೇ ತಾನೇ ಹೇಳಿಕೊಂಡಿದ್ದಾನೆ. ನಾಲ್ಕು ವರ್ಷ ಹೀಗೆ ಕುಳಿತು ಬರೆದವನು ಮುಂದೆ ಅಮೆರಿಕದ ಪ್ರತಿನಿಧಿಸಭೆಯ ಸಭಾಪತಿಯಾದನು. ವಿಥನು ವಿದ್ಯಾರ್ಥಿಗಳಿಂದ ಹಣವನ್ನು ಅಪೇಕ್ಷಿಸುತ್ತಿರಲಿಲ್ಲ. ಚಳಿಗಾಲದಲ್ಲಿಯೂ ನಸುಕಿನಲ್ಲಿ ಎದ್ದು ಬಾವಿಯ ತಣ್ಣೀರನ್ನು ಮೈಮೇಲೆ ಸುರಿದುಕೊಳ್ಳುವುದು ಆತನ ನಿತ್ಯಕರ್ಮ. ಮುಪ್ಪಿನಲ್ಲಿ ಹೀಬ್ರೂ ಭಾಷೆಯನ್ನು ಕಲಿಯತೊಡಗಿದನೆಂದರೆ ಆತನ ವಿದ್ಯಾಕಾಂಕ್ಷೆಗೆ ಬೇರೆ ನಿದರ್ಶನವು ಬೇಡ.

ಗುಲಾಮತನದ ವಿಷಯದಲ್ಲಿ ಆತನ ಮನಸ್ಸು ಕಾಲಕ್ರಮದಲ್ಲಿ ತಿರುಗಿತು. ಹುಟ್ಟಿದುದೂ ಬೆಳೆದುದೂ ಗುಲಾಮರ ದುಡಿಮೆಯ ನೆರಳಿನಲ್ಲಿಯೇ. ಪತ್ನಿಯು ತೀರಿದ ೧೭೮೭ರಲ್ಲಿ ಅಡುಗೆಯ ಕೆಲಸದ ಲಿಡಿಯಾ ಬ್ರಾಡ್‌ನ್ಯಾಕ್ಸ್ ಎಂಬಾಕೆಗೆ ಬಿಡುಗಡೆಯನ್ನು ಕೊಟ್ಟನು. ಇನ್ನು ಕೆಲವರನ್ನೂ ಬಿಡಿಸಿದನು. ಎಲ್ಲರಿಗೂ ಆ ಭಾಗ್ಯವು ದೊರೆಯಲಿಲ್ಲ. ನ್ಯಾಯಪೀಠದಲ್ಲಿ ಆತನು ಇದಕ್ಕಿಂತ ಮುಂದೆ ಹೋದನು. ಪ್ಲೆಸೆಂಟ್ಸ್ ಎಂಬ ಕ್ವೇಕರ್ ಮತದ ಜಮೀನುದಾರನೊಬ್ಬನು, ಕಾಯಿದೆಯು ಅವಕಾಶ ಕೊಟ್ಟಾಗ ತನ್ನ ಗುಲಾಮರನ್ನೆಲ್ಲ ಬಿಡಬೇಕೆಂದು ೧೭೭೧ರಲ್ಲಿ ಉಯಿಲು ಬರೆದು ತೀರಿಹೋಗಿದ್ದನು. ೧೭೮೨ರಲ್ಲಿ ಕಾಯಿದೆಯು ಅವಕಾಶವನ್ನು ಕೊಟ್ಟರೂ ದಾಯಾದಿಗಳು ಬಿಡಲೊಲ್ಲದಿರಲು, ಮಗನು ನ್ಯಾಯಾಲಯಕ್ಕೆ ಬಂದನು. ೪೦೦ಕ್ಕೂ ಮೇಲ್ಪಟ್ಟ ಜನರ ಬದುಕು ಆ ತೀರ್ಪಿನಲ್ಲಿ ತೂಗುತ್ತಿದ್ದಿತು. ವಿಥನು ಅವರನ್ನು ಸ್ವತಂತ್ರರೆಂದು ಸಾರಿ, ಅನ್ಯಾಯವಾಗಿ ದುಡಿಸಿಕೊಂಡ ಕಾಲದ ಪ್ರತಿಫಲವನ್ನೂ ಕೊಡಬೇಕೆಂದು ವಿಧಿಸಿದನು. ೧೭೯೯ರಲ್ಲಿ ಮೇಲಿನ ನ್ಯಾಯಾಲಯವು ಬಿಡುಗಡೆಯನ್ನು ಎತ್ತಿಹಿಡಿದು ಪ್ರತಿಫಲವನ್ನು ತಳ್ಳಿಹಾಕಿತು.

ಕೊನೆಯ ದಿನಗಳಲ್ಲಿ ಆತನ ಮುಂದೆ ಬಂದುದು ರೈಟ್ ಎಂಬ ಕುಟುಂಬದ ಹೆಂಗಸರ ಮೊಕದ್ದಮೆ. ತಾವು ಅಮೆರಿಕದ ಮೂಲನಿವಾಸಿಗಳ ವಂಶದವರು, ಆದುದರಿಂದ ಗುಲಾಮರಲ್ಲವೆಂದು ಅವರ ವಾದ. ತನ್ನ ಸ್ವತ್ತೆಂದು ಹಡ್ಜಿನ್ಸ್ ಎಂಬವನ ವಾದ. ವಿಥನು ಹೆಂಗಸರ ಪಕ್ಷಕ್ಕೆ ತೀರ್ಪಿತ್ತು ಎರಡು ಕಾರಣಗಳನ್ನು ಹೇಳಿದನು. ಅವರ ರೂಪವೇ ಅವರ ವಂಶವನ್ನು ತಿಳಿಸುತ್ತದೆಂಬುದು ಮೊದಲನೆಯದು. ಎರಡನೆಯದು ಬಹಳ ಆಳವಾದುದು: ಮನುಷ್ಯರೆಲ್ಲರೂ ಹುಟ್ಟಿನಿಂದ ಸಮಾನ ಸ್ವತಂತ್ರರೆಂದು ವರ್ಜೀನಿಯದ ಹಕ್ಕುಗಳ ಘೋಷಣೆಯು ೧೭೭೬ರಲ್ಲಿಯೇ ಹೇಳಿರುವಾಗ, ಒಬ್ಬನನ್ನು ಗುಲಾಮನೆಂದು ಹೇಳುವವನೇ ಅದನ್ನು ರುಜುವಾತುಪಡಿಸಬೇಕು. ಆ ಘೋಷಣೆಯನ್ನು ಅಂಗೀಕರಿಸಿದವರು ಗುಲಾಮರನ್ನು ಹೊರಗಿಡುವುದಕ್ಕಾಗಿಯೇ ಅದರಲ್ಲಿ ಕೆಲವು ಮಾತುಗಳನ್ನು ಸೇರಿಸಿದ್ದರು. ವೃದ್ಧ ನ್ಯಾಯಾಧೀಶನು ಅದನ್ನು ಲಕ್ಷಿಸದೆ, ಶಬ್ದವು ಏನನ್ನು ಹೇಳುತ್ತದೋ ಅದನ್ನೇ ಅರ್ಥವೆಂದು ಹಿಡಿದನು.

ಮೇಲ್ಮನವಿಯ ತೀರ್ಪು ಬಂದುದು ೧೮೦೬ರ ನವೆಂಬರಿನಲ್ಲಿ. ಅದನ್ನು ಕೊಟ್ಟವರಲ್ಲಿ ಸೇಂಟ್ ಜಾರ್ಜ್ ಟಕರನೂ ಒಬ್ಬನು. ಈತನು ವಿಥನ ಶಿಷ್ಯ; ಕಾಲೇಜಿನಲ್ಲಿ ವಿಥನ ಪೀಠವನ್ನೇ ಅಲಂಕರಿಸಿದವನು; ಗುಲಾಮತನವು ಕ್ರಮೇಣ ತೊಲಗಬೇಕೆಂದು ೧೭೯೬ರಲ್ಲಿ ಪುಸ್ತಕವನ್ನು ಪ್ರಕಟಿಸಿದವನು. ಆ ಟಕರನು ಹೆಂಗಸರ ಬಿಡುಗಡೆಯನ್ನು ಒಪ್ಪಿ, ಗುರುವಿನ ಎರಡನೆಯ ಕಾರಣವನ್ನು ಒಪ್ಪಲಿಲ್ಲ. ಕಪ್ಪು ಬಣ್ಣದವನು ತಾನು ಸ್ವತಂತ್ರನೆಂದು ತಾನೇ ರುಜುವಾತುಪಡಿಸಬೇಕೆಂಬ ಹಳೆಯ ನಿಯಮವು ಉಳಿಯಿತು. ಉತ್ತರ ಹೇಳಲು ಆಗ ಗುರುವು ಬದುಕಿರಲಿಲ್ಲ.

೧೭೯೧ರಿಂದ ವಿಥನು ರಿಚ್ಮಂಡಿನಲ್ಲಿ ವಾಸವಾಗಿದ್ದನು. ಆ ಮನೆಯಲ್ಲಿ ಸ್ವತಂತ್ರಳಾದ ಲಿಡಿಯಳು ಅಡುಗೆಯನ್ನು ನೋಡಿಕೊಳ್ಳುತ್ತಿದ್ದಳು. ಮೈಕೇಲ್ ಬ್ರೌನ್ ಎಂಬ ಮಿಶ್ರವರ್ಣದ ಹುಡುಗನು ಅಲ್ಲಿಯೇ ಬೆಳೆಯುತ್ತ, ಜೆಫರ್ಸನ್ನನಿಗೆ ಹೇಳಿದ ನಾಲಗೆಯಿಂದಲೇ ಲ್ಯಾಟಿನ್ ಗ್ರೀಕ್ ಪಾಠಗಳನ್ನು ಹೇಳಿಸಿಕೊಳ್ಳುತ್ತಿದ್ದನು. ವಿಥನ ಸೋದರಿಯ ಮೊಮ್ಮಗನಾದ ಜಾರ್ಜ್ ವಿಥ್ ಸ್ವೀನಿ ಎಂಬ ತರುಣನೂ ಬಂದು ಸೇರಿದ್ದನು. ವೃದ್ಧನ ಉಯಿಲಿನಲ್ಲಿ ಸ್ವೀನಿಗೆ ದೊಡ್ಡ ಪಾಲು; ಲಿಡಿಯಳಿಗೆ ಜೀವನಾಂಶ; ಮೈಕೇಲನಿಗೂ ಒಂದು ಪಾಲು. ಹುಡುಗನ ವಿದ್ಯಾಭ್ಯಾಸದ ಭಾರವನ್ನು ಆಗ ದೇಶದ ಅಧ್ಯಕ್ಷನಾಗಿದ್ದ ಜೆಫರ್ಸನ್ನನೇ ವಹಿಸಬೇಕೆಂದು ಗುರುವು ಬರೆದಿದ್ದನು. ಮೈಕೇಲನು ಪ್ರಾಪ್ತವಯಸ್ಕನಾಗುವ ಮುನ್ನ ತೀರಿಕೊಂಡರೆ ಅವನ ಪಾಲು ಸ್ವೀನಿಗೆ ಸೇರತಕ್ಕುದೆಂದೂ ಅದರಲ್ಲಿದ್ದಿತು.

ಸ್ವೀನಿಯು ದುರ್ವ್ಯಸನಗಳಿಗೆ ಬಿದ್ದು, ವೃದ್ಧನ ಹೆಸರಿನಲ್ಲಿ ಕಳ್ಳಸಹಿ ಮಾಡಿ ಬ್ಯಾಂಕಿನಿಂದ ಹಣವನ್ನು ತೆಗೆದನು. ೧೮೦೬ರ ಮೇ ೨೫ರ ಬೆಳಗ್ಗೆ ಕಾಫಿಯನ್ನು ಕುಡಿದ ಮೇಲೆ ವಿಥ್, ಮೈಕೇಲ್, ಲಿಡಿಯಾ ಮೂವರೂ ಹೊಟ್ಟೆಯ ಬೇನೆಯಿಂದ ಹಾಸಿಗೆ ಹಿಡಿದರು. ಸ್ವೀನಿಯು ಆ ಬೆಳಗ್ಗೆ ಅಡುಗೆಯ ಮನೆಗೆ ಬಂದು, ಕಾಫಿಯ ಪಾತ್ರೆಯ ಬಳಿ ನಿಂತು, ಕಾಗದವೊಂದನ್ನು ಒಲೆಗೆ ಎಸೆದುದನ್ನು ಕಂಡೆನೆಂದು ಲಿಡಿಯಳು ಹೇಳಿದ ವೃತ್ತಾಂತವು ಪ್ರಸಿದ್ಧವಾಗಿದೆ. ಜೂನ್ ೧ರಂದು ಮೈಕೇಲನು ಸತ್ತನು. ಅದನ್ನು ಕೇಳಿದ ವೃದ್ಧನು ಮರಣಶಯ್ಯೆಯಲ್ಲಿಯೇ ಉಯಿಲನ್ನು ತಿದ್ದಿಸಿ ಸ್ವೀನಿಯ ಹೆಸರನ್ನು ಹೊಡೆದುಹಾಕಿಸಿದನು. ತಾನು ಕೊಲೆಯಾದೆನೆಂದು ಆತನು ನುಡಿದನೆನ್ನುವರು. ಜೂನ್ ೮ರಂದು ಆತನೂ ತೀರಿಕೊಂಡನು. ರಿಚ್ಮಂಡ್ ನಗರವೇ ಶವದ ಹಿಂದೆ ನಡೆಯಿತು.

ಸ್ವೀನಿಯ ವಿಚಾರಣೆಯು ಸೆಪ್ಟೆಂಬರಿನಲ್ಲಿ ನಡೆಯಿತು. ಮುಂದೆ ದೇಶದ ಅಟಾರ್ನಿ ಜನರಲ್ ಆದ ವಿಲಿಯಮ್ ವರ್ಟ್, ಹಿಂದೆ ಅದೇ ಪದವಿಯಲ್ಲಿದ್ದ ಎಡ್ಮಂಡ್ ರ‍್ಯಾಂಡಾಲ್ಫ್, ಇವರಿಬ್ಬರೂ ಆರೋಪಿಯ ವಕೀಲರು. ಶವವನ್ನು ಪರೀಕ್ಷಿಸಿದ ವೈದ್ಯರು ಪಾಷಾಣವೇ ಮರಣಕಾರಣವೆಂದು ಖಂಡಿತವಾಗಿ ಹೇಳಲಾರದೆ ಹೋದರು. ಸೆರೆಮನೆಯ ತೋಟದಲ್ಲಿ ವಿಷದ ಪೊಟ್ಟಣವನ್ನು ಕಂಡವಳು ಗುಲಾಮ ಹುಡುಗಿ. ಅಡುಗೆಯ ಮನೆಯಲ್ಲಿ ಕಣ್ಣಾರೆ ಕಂಡವಳು ಲಿಡಿಯಾ. ಆರೋಪಿಯು ಬಿಳಿಯನಾದುದರಿಂದ ೧೭೮೫ರ ಕಾಯಿದೆಯ ಪ್ರಕಾರ ಇಬ್ಬರೂ ಸಾಕ್ಷಿ ಹೇಳುವಂತಿರಲಿಲ್ಲ. ಕೊಲೆಯ ಆರೋಪದಿಂದ ಸ್ವೀನಿಯು ಬಿಡುಗಡೆ ಹೊಂದಿದನು. ಕಳ್ಳಸಹಿಯ ಅಪರಾಧವು ಸಿದ್ಧವಾದರೂ, ಬ್ಯಾಂಕಿಗೆ ಮಾಡಿದ ಮೋಸವು ಆ ಶಾಸನದ ಶಬ್ದಗಳೊಳಗೆ ಬಾರದೆಂದು ಅದೂ ಬಿದ್ದುಹೋಯಿತು. ಆತನು ಊರುಬಿಟ್ಟು ಹೋದನು.

ನ್ಯಾಯಾಲಯವು ನಿರ್ದೋಷಿಯೆಂದು ಬಿಟ್ಟವನನ್ನು ಇಂದು ದೋಷಿಯೆನ್ನುವುದು ಸಲ್ಲದು. ಆಕೆಯ ಮಾತನ್ನು ಕೇಳಿದ್ದರೂ ಪಂಚರು ಅವನನ್ನು ಬಿಡುತ್ತಿದ್ದರೋ ಏನೋ. ಆದರೆ ಕಂಡವಳ ಮಾತನ್ನು ಕೇಳದೆಯೇ ಕೊಟ್ಟ ತೀರ್ಪು ಸತ್ಯವನ್ನು ಕುರಿತ ತೀರ್ಪಾಗಲಾರದು. ನಮ್ಮ ಧರ್ಮಶಾಸ್ತ್ರಗಳೂ ಈ ದೋಷದಿಂದ ದೂರವಿಲ್ಲ. ದ್ವಿಜರಿಗೆ ದ್ವಿಜರೂ ಶೂದ್ರರಿಗೆ ಶೂದ್ರರೂ ಸಾಕ್ಷಿಗಳಾಗಬೇಕೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯವು ಸಾಕ್ಷಿಗಳನ್ನು ವರ್ಣದಿಂದ ವಿಂಗಡಿಸಿದೆ. ಆದರೂ ಅದೇ ಸ್ಮೃತಿಯು, ಮನೆಯೊಳಗೆ ನಡೆದ ಕೃತ್ಯದಲ್ಲಿಯೂ ಪ್ರಾಣಹಾನಿಯಾದ ಸಂದರ್ಭದಲ್ಲಿಯೂ ಪ್ರತ್ಯಕ್ಷವಾಗಿ ಬಲ್ಲವನು ಯಾವನಾದರೂ ಸಾಕ್ಷಿಯಾಗಬಹುದೆಂದೂ, ಬೇರೆ ಗತಿಯಿಲ್ಲದಾಗ ಸ್ತ್ರೀಯೂ ಬಾಲಕನೂ ದಾಸನೂ ಸಾಕ್ಷಿ ಹೇಳಬಹುದೆಂದೂ ಬಾಗಿಲನ್ನು ಸ್ವಲ್ಪ ತೆರೆದಿಟ್ಟಿದೆ. ಭೇದವನ್ನು ಒಪ್ಪಿದ ಶಾಸ್ತ್ರಕಾರನೂ, ಮನೆಯೊಳಗಿನ ಕೊಲೆಯನ್ನು ಮನೆಯೊಳಗಿನವರೇ ಕಾಣಬಲ್ಲರೆಂಬ ಲೋಕಾನುಭವಕ್ಕೆ ತಲೆಬಾಗಿದನು. ಸಮಾನತೆಯನ್ನು ಘೋಷಿಸಿದ ವರ್ಜೀನಿಯದಲ್ಲಿ ಆ ಬಾಗಿಲು ಪೂರ್ತಿಯಾಗಿ ಮುಚ್ಚಿದ್ದಿತು.

ವಿಥನ ಗ್ರಂಥಗಳು ಉಯಿಲಿನಂತೆ ಜೆಫರ್ಸನ್ನನಿಗೆ ಸೇರಿದವು. ಮೈಕೇಲನ ಭಾರವನ್ನು ಸಂತೋಷದಿಂದ ಹೊರುತ್ತಿದ್ದೆನೆಂದು ಶಿಷ್ಯನು ವ್ಯಥೆಪಟ್ಟು ಬರೆದನು. ಲಿಡಿಯಳು ಬದುಕಿದಳು, ಆಕೆಯ ದೃಷ್ಟಿಯು ಕುಂದಿತು. ೧೮೦೭ರಲ್ಲಿ ಆಕೆಯು ಕಷ್ಟದಲ್ಲಿರುವೆನೆಂದು ಜೆಫರ್ಸನ್ನನಿಗೆ ಪತ್ರವನ್ನು ಕಳುಹಿಸಲು, ಆತನು ೫೦ ಡಾಲರುಗಳನ್ನು ಕೊಡಿಸಿದನು. ನ್ಯಾಯಾಲಯವು ಕೇಳಲೊಲ್ಲದ ಆಕೆಯ ಮಾತನ್ನು ದೇಶದ ಅಧ್ಯಕ್ಷನು ಪತ್ರದಲ್ಲಿ ಓದಿದನು. ಆದರೆ ಆ ಕಾಯಿದೆಯು ಬದಲಾಗಲಿಲ್ಲ. ಅಮೆರಿಕವು ಅಂತರ್ಯುದ್ಧದಲ್ಲಿ ರಕ್ತವನ್ನು ಹರಿಸಿ, ೧೮೬೫ರಲ್ಲಿ ಗುಲಾಮತನವನ್ನು ತೊಡೆದು, ೧೮೬೬ರಲ್ಲಿ ಕಪ್ಪು ಜನರಿಗೂ ಸಾಕ್ಷಿ ಹೇಳುವ ಹಕ್ಕನ್ನು ಕೇಂದ್ರಶಾಸನದಿಂದ ಕೊಡುವವರೆಗೆ ಇನ್ನೂ ಅರುವತ್ತು ವರ್ಷಗಳು ಕಳೆಯಬೇಕಾಯಿತು.

ವಿಥನು ಬಾಳಿನಲ್ಲಿ ಮಾಡಿದುದು ಅಲ್ಪವಲ್ಲ. ಶಾಸನಕರ್ತರಿಗೆ ಎಲ್ಲೆಯನ್ನು ತೋರಿಸಿದನು; ಪ್ರಬಲರಾದ ಸಾಲಗಾರರಿಗೆ ವಿರೋಧವಾಗಿ ನುಡಿದನು; ಜನ್ಮದಿಂದ ಬಂದ ಅಭ್ಯಾಸವನ್ನು ಮೀರಿ ಮನುಷ್ಯಮಾತ್ರದವನನ್ನು ಸ್ವತಂತ್ರನೆಂದು ಹೇಳಿದನು. ಆದರೆ ೧೭೭೯ರಲ್ಲಿ ಲೇಖನಿಯು ಕೈಯಲ್ಲಿದ್ದಾಗ ಹೊಡೆದುಹಾಕದೆ ಬಿಟ್ಟ ಒಂದು ಸಾಲನ್ನು ೧೮೦೬ರಲ್ಲಿ ಯಾವ ತೀರ್ಪಿನಿಂದಲೂ ಅಳಿಸಲಾಗಲಿಲ್ಲ. ಅಂದು ಅದು ಯಾರೋ ಅನ್ಯರ ಬಾಯಿಗೆ ಹಾಕಿದ ಬೀಗವೆಂದು ತೋರಿದ್ದಿತು. ತನ್ನ ಮರಣಕ್ಕೆ ನ್ಯಾಯವನ್ನು ಕೇಳಬಲ್ಲವಳ ಬಾಯೇ ಅದೆಂಬುದು ಆಗ ತಿಳಿದಿರಲಿಲ್ಲ. ರಿಚ್ಮಂಡಿನ ಸೇಂಟ್ ಜಾನ್ ದೇವಾಲಯದ ಅಂಗಳದಲ್ಲಿ ಆತನ ಸಮಾಧಿಯಿದೆ. ಹಿಂದೆ ಪ್ಯಾಟ್ರಿಕ್ ಹೆನ್ರಿಯು ಸ್ವಾತಂತ್ರ್ಯಕ್ಕಾಗಿ ಗುಡುಗಿದುದೂ ಅದೇ ದೇವಾಲಯದಲ್ಲಿ. ಕಾಯಿದೆಯನ್ನು ಬರೆಯುವವರೂ ಅದನ್ನು ಕಲಿಸುವವರೂ ಅಲ್ಲಿ ಒಂದು ಕ್ಷಣ ನಿಂತು, ತಮ್ಮ ಗ್ರಂಥದಲ್ಲಿ ಯಾರ ಬಾಯಿ ಇನ್ನೂ ಕಟ್ಟಿದೆಯೆಂದು ನೋಡಿಕೊಳ್ಳುವುದು ಆ ಆಚಾರ್ಯನಿಗೆ ಸಲ್ಲತಕ್ಕ ದಕ್ಷಿಣೆ.